ಮೂರು ಸಂಜಿ, ಒಂದು ಮುಂಜಾನೆ: ಫಿಲಿಪ್ಪಿ ಪತ್ರಿಕೆಯ ಎರಡನೇ ಅಧ್ಯಾಯ ಮನ್ಯಾಗ ಓದೂದು ಹೆಂಗ

ಜಮಖಂಡಿ, ಅಥಣಿ ಕಡೆ ಇರೋ ನಮ್ಮ ಬಳಗದವರು ಪ್ರತಿ ವರ್ಷ ಫೋನ್ ಮಾಡಿ ಕೇಳತಾರ, ಪವಿತ್ರ ವಾರದಾಗ, ಅಂದ್ರ ಈಸ್ಟರ್ ಮುಂಚಿನ ವಾರದಾಗ, ನಿಮ್ಮ ಮನ್ಯಾಗ ಮಾಡ್ತೀರಲ್ಲ ಆ ಫಿಲಿಪ್ಪಿ ಪತ್ರಿಕೆಯ ಕೂಟ, ಅದನ್ನ ನಾವೂ ಮಾಡಬೇಕಂತೀವಿ, ಹೆಂಗ ಶುರು ಮಾಡೂದು, ಯಾರು ಏನು ಮಾತಾಡಬೇಕು, ಕಾಲು ತೊಳಿಯೂದು ಖರೇನ ಮಾಡಬೇಕೋ ಇಲ್ಲಾ ಬರೇ ಓದಿದ್ರ ನಡೀತೈತೋ ಅಂತ. ಫೋನಿನ್ಯಾಗ ಇದೆಲ್ಲಾ ಹೇಳಿ ಮುಗಿಯೂದಿಲ್ಲ, ಅದಕ್ಕ ಇಲ್ಲಿ ಪೂರ್ತಿ ಬರದಿಡ್ತೀನಿ. ಫಿಲಿಪ್ಪಿ ಪತ್ರಿಕೆ ಅಂದ್ರ ಅಪೊಸ್ತಲ ಪೌಲ ಫಿಲಿಪ್ಪಿ ಅನ್ನೋ ಊರಿನ ಕ್ರೈಸ್ತ ಸಭೆಗೆ ಬರದ ಪತ್ರಾ, ಸತ್ಯವೇದದಾಗ, ಅಂದ್ರ ಬೈಬಲ್‌ನ್ಯಾಗ ಐತಿ. ನಾವು ಬಾಗಲಕೋಟಿ ನವನಗರದವರು, ನಮ್ಮ ಕೂಟಕ್ಕ ಬರೋರು ಹತ್ತು ಹನ್ನೆರಡು ಮಂದಿ, ಅಷ್ಟ ಸಾಕು, ಇಪ್ಪತ್ತರ ಮ್ಯಾಲ ಆದ್ರ ಮನಿಯವರ ಗತೆ ಕುಂತು ಮಾತಾಡೂದು ಹೋಗಿ ಸಭಾ ಆಗಿಬಿಡತೈತಿ.

ಬೇಕಾಗೋ ಸಾಮಾನು ಏನ ಬಾಳ ಇಲ್ಲ. ಸತ್ಯವೇದ, ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ನು, ಒಂದು ಅಗಲಾದ ಪರಾತ, ತಂಬಿಗಿ, ಮೂರು ನಾಕು ಒಗದಿಟ್ಟ ಹತ್ತಿ ಟವೆಲ್. ಭಾಷಣ ಮಾಡೋರು ಬೇಕಾಗಿಲ್ಲ. ಸಭಾಪಾಲಕರಿಗೆ ಮೊದಲ ತಿಳಿಸ್ರಿ, ಬಂದ್ರ ಚೊಲೋ, ಆದ್ರ ಅವರು ಬಂದ ದಿನಾ ಅವರ ಕಡೆನ ಪ್ರಸಂಗ ಮಾಡಸಬ್ಯಾಡ್ರಿ, ಎಲ್ಲಾರ ಜೋಡಿ ನೆಲದ ಮ್ಯಾಲ ಕುಂತು ಓದಲಿ.

ದಿನಾ ಯಾವು ಅಂದ್ರ, ಗರಿಗಳ ಭಾನುವಾರ ಆದ ಮ್ಯಾಲ ಬರೋ ಸೋಮವಾರ, ಮಂಗಳವಾರ, ಬುಧವಾರ, ಮೂರು ಸಂಜಿ. ಗುರುವಾರ ಮತ್ತ ಶುಭ ಶುಕ್ರವಾರ ಚರ್ಚಿನ ಆರಾಧನೆ ಇರತಾವ, ಅವಕ್ಕ ಅಡ್ಡ ಬರಬಾರದು. ಆಮ್ಯಾಲ ಈಸ್ಟರ್ ಭಾನುವಾರ ಮುಂಜಾನೆ ಒಂದ ಸಲ ಕೂಡೂದು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವ ಯಾವಾಗ ಬೇಕಾದ್ರೂ ಬರತೈತಿ, ಅಂದ್ರ ನಮ್ಮ ಕಡೆ ಬ್ಯಾಸಗಿ ಉರಿಯೂ ಹೊತ್ತು, ಅದಕ್ಕ ಏಳೂವರಿಕ ಮುಂಚೆ ಕರೀಬ್ಯಾಡ್ರಿ, ಅಂಗಳದಾಗ ನೀರು ಹೊಡದು ಚಾಪಿ ಹಾಸಿದ್ರ ಇನ್ನೂ ಚೊಲೋ. ಒಂದು ತಾಸಿನ ಮ್ಯಾಲ ಎಳೀಬ್ಯಾಡ್ರಿ.

ಓದೂದು ಬರೇ ಏಳು ವಚನ, ಎರಡನೇ ಅಧ್ಯಾಯದ 5ರಿಂದ 11. ದೇವರ ಸ್ವರೂಪದಾಗ ಇದ್ದ ಕ್ರಿಸ್ತ ತನ್ನನ್ನ ತಾನ ಬರಿದು ಮಾಡಿಕೊಂಡು ದಾಸನಾಗಿ ಶಿಲುಬೆಯ ಮರಣದ ತನಕ ತಗ್ಗಿದ, ಅದಕ್ಕ ದೇವರು ಆತನ್ನ ಏರಿಸಿ ಎಲ್ಲಾ ನಾಮಕ್ಕಿಂತ ಮ್ಯಾಲಿನ ನಾಮ ಕೊಟ್ಟ ಅನ್ನೂದು ಅದರ ಸಾರ. ಮೂರೂ ಸಂಜಿ ಅವ ಏಳು. ದಿನಾ ಹೊಸಾ ಭಾಗ ಬೇಕು ಅಂತ ಹುಡುಗರು ಗದ್ದಲ ಮಾಡತಾರ, ಮಾಡಲಿ ಬಿಡ್ರಿ, ಮೂರನೇ ದಿನಾ ಅವಕ್ಕ ಬಾಯಿಪಾಠ ಆಗಿರತೈತಿ.

ಮೊದಲ್ನೇ ಸಂಜಿ. ವಯಸ್ಸಾದವರು ಒಬ್ಬರು ಒಂದ ಸಲ ಗಟ್ಟಿಯಾಗಿ ಓದಲಿ, ಆಮ್ಯಾಲ ಶಾಲಿ ಹುಡುಗ ಒಬ್ಬ ಅದನ್ನ ಇನ್ನೊಂದ ಸಲ ಓದಲಿ. ಓದಿದ ಕೂಡಲೇ ಅರ್ಥ ಹೇಳಾಕ ಹೋಗಬ್ಯಾಡ್ರಿ, ಮೊದಲ ಫಿಲಿಪ್ಪಿ ಊರಿನ ಕಥಿ ಹೇಳ್ರಿ, ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಾಗ ಐತಿ. ಈ ಪತ್ರಾ ಯಾರಿಗೆ ಬಂತು ಅನ್ನೂದು ಗೊತ್ತಿಲ್ಲದ ಓದಿದ್ರ ಇದು ಬರೇ ಚೆಂದನ ಹಾಡಿನ ಗತೆ ಕೇಳಿ ಹೋಗತೈತಿ. ಫಿಲಿಪ್ಪಿ ಅಂದ್ರ ಮಕೆದೋನ್ಯದಾಗ ರೋಮಿನವರು ಕಟ್ಟಿಕೊಂಡ ವಸಾಹತು, ಕ್ರಿ.ಪೂ. 42ರಾಗ ಅಲ್ಲೆ ದೊಡ್ಡ ಯುದ್ಧ ಆತು, ಆದ ಮ್ಯಾಲ ದಂಡಿನಿಂದ ಬಿಟ್ಟುಬಂದ ಸಿಪಾಯಿಗಳಿಗೆ ಜಮೀನು ಕೊಟ್ಟು ಅಲ್ಲೆ ಕುಂಡರಿಸಿದರು. ಹಿಂಗಾಗಿ ಆ ಊರಾಗ ನಾವು ರೋಮಿನ ಪೌರರು ಅನ್ನೂದ ದೊಡ್ಡ ಮಾತು, ಯಾರಿಗೆ ಯಾವ ಹುದ್ದೆ ಸಿಕ್ಕಿತ್ತು, ಯಾವ ಮರ್ಯಾದಿ ಸಿಕ್ಕಿತ್ತು ಅಂತ ಕಲ್ಲಿನ ಮ್ಯಾಲ ಕೆತ್ತಿಸಿ ಇಟ್ಟಾರ. ಅಂಥಾ ಊರಿಗೆ ಪೌಲ ಬಂದಾನ, ಮೊದಲ ವಿಶ್ವಾಸಕ್ಕ ಬಂದಾಕಿ ಲುದ್ಯ ಅನ್ನೋ ಹೆಣಮಗಳು, ಬಣ್ಣದ ಬಟ್ಟಿ ಮಾರಾಕಿ. ಇಳಕಲ್ಲ, ಗುಳೇದಗುಡ್ಡದಿಂದ ಬಂದವರು ಕೂಟದಾಗ ಇದ್ರ ಇಲ್ಲಿ ಒಂದ ಗಳಿಗಿ ನಿಂದರ್ರಿ, ಅವರಿಗೆ ಈಕಿ ಬಾಳ ಹತ್ತರದಾಕಿ ಅನಸತಾಳ. ಗುಳೇದಗುಡ್ಡಕ್ಕ ಬಾಸೆಲ್ ಮಿಶನ್ ನವರು ಬಂದದ್ದು 1851ರಾಗ, ಅದೂ ಮಗ್ಗದ ಊರ, ಸುವಾರ್ತಿ ಬಟ್ಟಿ ನೇಯೋರ ಓಣಿಯೊಳಗ ಬಂದದ್ದು ನನಗ ನೆನಪಾಗತೈತಿ.

ಆಮ್ಯಾಲ ಜೇಲಿನ ಭಾಗ. ಪೌಲ ಮತ್ತ ಸೀಲ ಇಬ್ಬರನ್ನೂ ಹಿಡದು ಅಂಗಿ ಹರದು ಕೋಲಿನಿಂದ ಹೊಡದು ಒಳಗಿನ ಖೋಲಿಯೊಳಗ ಕಾಲಿಗೆ ಕೋಳ ಹಾಕಿ ಕುಂಡರಿಸಿದರು. ಪೌಲ ರೋಮಿನ ಪೌರ, ಆ ಮಾತು ಬಾಯಿ ಬಿಟ್ಟು ಹೇಳಿದ್ರ ಹೊಡತ ತಪ್ಪತಿತ್ತು, ಆದ್ರ ಆ ಮಾತು ಹೊರಗ ಬಂದದ್ದು ಮರುದಿನಾ, ಎಲ್ಲಾ ಹೊಡತ ತಿಂದ ಮ್ಯಾಲ. ರಾತ್ರಿ ಭೂಕಂಪ ಆಗಿ ಬಾಗಲಾ ತೆರದಾಗ ಜೇಲಿನ ಯಜಮಾನ ನಡಗಕೋತ ಬಂದ, ಅದ ರಾತ್ರಿ ತನ್ನ ಕೈಯಾರೆ ಅವರ ಗಾಯ ತೊಳದ, ಮನಿಗೆ ಕರಕೊಂಡು ಹೋಗಿ ಊಟಕ್ಕ ಇಟ್ಟ. ಇದನ್ನ ಹೇಳುವಾಗ ಅವಸರ ಮಾಡಬ್ಯಾಡ್ರಿ. ಫಿಲಿಪ್ಪಿ ಸಭೆಯ ಶುರುವಿನ್ಯಾಗನ ಒಬ್ಬ ಅಧಿಕಾರಿ ತನ್ನ ಕೈದಿಯ ಗಾಯ ತೊಳದ ರಾತ್ರಿ ಐತಿ, ಅಂಥಾ ಸಭೆಗೆ ಪೌಲ ಮುಂದ ಇನ್ನೊಂದು ಜೇಲಿನ್ಯಾಗ ಕುಂತು ಈ ಏಳು ವಚನ ಬರದಾನ. ಬುಧವಾರ ಪರಾತದಾಗ ನೀರು ಹಾಕುವಾಗ ಎಲ್ಲಾರಿಗೂ ಈ ಯಜಮಾನ ನೆನಪಿರಬೇಕು.

ಬರದದ್ದು ಯಾಕ ಅಂದ್ರ ಸಭೆಯೊಳಗ ಬಿರುಕು ಬಿಟ್ಟಿತ್ತು. ನಾಕನೇ ಅಧ್ಯಾಯದಾಗ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಣಮಕ್ಕಳ ಹೆಸರು ಬರತಾವ, ಇಬ್ಬರೂ ಪೌಲನ ಜೋಡಿ ಸುವಾರ್ತಿಗಾಗಿ ದುಡದವರು, ಇಬ್ಬರಿಗೂ ಒಂದ ಮನಸ್ಸಿನವರಾಗಿ ಇರ್ರಿ ಅಂತ ಕೈಮುಗದು ಕೇಳತಾನ. ಎರಡನೇ ಅಧ್ಯಾಯದಾಗ ಕ್ರಿಸ್ತನ ಮನಸ್ಸು ನಿಮ್ಮೊಳಗ ಇರಲಿ ಅನ್ನೂಮುಂದ ಗ್ರೀಕಿನ್ಯಾಗ ಬಳಸಿದ ಮಾತೂ ಅದ, ಇಲ್ಲಿ ಬಳಸಿದ ಮಾತೂ ಅದ. ಅಂದ್ರ ಇಷ್ಟು ಎತ್ತರದ ಹಾಡು, ದೇವರ ಸ್ವರೂಪ, ಶಿಲುಬೆ, ಎಲ್ಲಾ ನಾಮಕ್ಕಿಂತ ಮ್ಯಾಲಿನ ನಾಮ, ಇದೆಲ್ಲಾ ಬಂದದ್ದು ಇಬ್ಬರು ಅಕ್ಕಂದಿರು ಒಬ್ಬರ ಮಾರಿ ಒಬ್ಬರು ನೋಡದ ಇದ್ದದ್ದಕ್ಕ.

ಈಗ ನೋಟ್‌ಬುಕ್ ತಗೀರಿ. ಎರಡು ಪುಟ ಎದುರಾ ಬದುರಾ ತೆರೀರಿ. ಎಡಗಡೆ ಪುಟದಾಗ 6ರಿಂದ 8ನೇ ವಚನದ ಕ್ರಿಯಾಪದ ಅಷ್ಟ ಬರೀರಿ, ಹಿಡಕೊಂಡು ಕುಂಡ್ರಲಿಲ್ಲ, ಬರಿದು ಮಾಡಿಕೊಂಡ, ದಾಸನ ರೂಪ ತೊಟ್ಟ, ತಗ್ಗಿಸಿಕೊಂಡ, ವಿಧೇಯನಾದ. ಬಲಗಡೆ 9ರಿಂದ 11ರದ್ದು, ಏರಿಸಿದ, ನಾಮ ಕೊಟ್ಟ. ಹುಡುಗರನ್ನ ಕೇಳ್ರಿ, ಎಡಗಡೆದ್ದೆಲ್ಲಾ ಮಾಡಿದವರು ಯಾರು, ಬಲಗಡೆದ್ದು ಮಾಡಿದವರು ಯಾರು. ಎಡಗಡೆ ಪೂರ್ತಿ ಕ್ರಿಸ್ತನ ಕೆಲಸ, ಬಲಗಡೆ ಪೂರ್ತಿ ತಂದಿಯ ಕೆಲಸ. ಯೇಸುಸ್ವಾಮಿ ತನ್ನನ್ನ ತಾನ ಏರಿಸಿಕೊಂಡ ಅಂತ ಒಂದು ಕ್ರಿಯಾಪದನೂ ಅಲ್ಲೆ ಸಿಗೂದಿಲ್ಲ, ಹಂಗ ಯಾರೋ ಆತನ್ನ ಬಲವಂತಲೆ ಕೆಳಗ ಎಳದರು ಅನ್ನೂದೂ ಸಿಗೂದಿಲ್ಲ. ನನಗ ಈ ಎರಡು ಪುಟ ತಿಳೀಲಿಕ್ಕೆ ಬಾಳ ವರ್ಷ ಹಿಡೀತು, ಅದಕ್ಕಿಂತ ಮೊದಲ ಎಷ್ಟೋ ಪ್ರಸಂಗ ಕೇಳಿದ್ನಿ, ತಗ್ಗಿದ್ರ ದೇವರು ಏರಸತಾನ ಅಂತ ಕೇಳಿ, ಹಂಗಾರ ಏರಬೇಕಂದ್ರ ತಗ್ಗಬೇಕು ಅಂತ ಲೆಕ್ಕಾ ಹಾಕಿದ್ನಿ. ಆ ಲೆಕ್ಕಾ ತಪ್ಪು. ಬಲಗಡೆ ಪುಟ ನಮ್ಮ ಕೈಯಾಗಿಂದಲ್ಲ, ಅದನ್ನ ಮನಸಿನ್ಯಾಗ ಇಟ್ಟುಕೊಂಡು ಎಡಗಡೆ ಪುಟ ಮಾಡಿದ್ರ ಅದು ತಗ್ಗೂದ ಅಲ್ಲ.

ಬರಿದು ಮಾಡಿಕೊಂಡ ಅನ್ನೋ ಶಬ್ದ ಬಂದಾಗ ಯಾರಾದ್ರೂ ಕೇಳೇ ಕೇಳತಾರ, ಹಂಗಾರ ಆತ ದೇವರಾಗಿರೂದ ಬಿಟ್ಟನ ಅಂತ. ಇದಕ್ಕ ತಯಾರ ಇರ್ರಿ. ಗ್ರೀಕಿನ್ಯಾಗ ಈ ಶಬ್ದದಿಂದನ ಕೆನೋಸಿಸ್ ಅನ್ನೋ ಮಾತು ಬಂದೈತಿ, ಅದರ ಮ್ಯಾಲ ಸಭೆಯ ದೊಡ್ಡವರು ಶತಮಾನಗಟ್ಟಲೆ ವಿಚಾರ ಮಾಡ್ಯಾರ, 451ರ ಕಲ್ಕೆದೋನ್ ಸಭಾದಾಗ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡೂ ಒಬ್ಬನ ಒಳಗ ಕಲಬೆರಕಿ ಇಲ್ಲದ, ಬ್ಯಾರೆ ಆಗದ ಅದಾವ ಅಂತ ಹೇಳಿದರು. ಮನ್ಯಾಗ ಹೇಳಾಕ ನಾ ಕುಣಿ ಮಗ್ಗದ ಮಾತು ಹೇಳ್ತೀನಿ. ಹತ್ತು ಮಗ್ಗದ ಮಾಲಕ ಒಂದಿನಾ ತಾನ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ಲಾಳಿ ಹೊಡದ ಅಂದ್ರ ಆತ ಮಾಲಕ ಅಲ್ಲದವ ಆಗೂದಿಲ್ಲ, ಮಾಲಕ್ಕಿ ಕಳಕೊಂಡಿಲ್ಲ, ನೇಕಾರನ ಬೆನ್ನು ನೋವು, ನೇಕಾರನ ಕೂಲಿ, ನೇಕಾರನ ಕತ್ತಲಿ ತನ್ನ ಮ್ಯಾಲ ತಗೊಂಡಾನ. ವಚನದಾಗೂ ನೋಡ್ರಿ, ಹೆಂಗ ಬರಿದು ಮಾಡಿಕೊಂಡ ಅಂದ್ರ, ದಾಸನ ರೂಪ ತೊಟ್ಟುಕೊಂಡು, ಅಂದ್ರ ಏನನ್ನೋ ತೆಗದು ಒಗದು ಅಲ್ಲ, ಇನ್ನೊಂದನ್ನ ತನ್ನ ಮ್ಯಾಲ ಹಾಕಿಕೊಂಡು. ಹೋಲಿಕಿ ಅರ್ಧಾಕ್ಕ ಸಾಕಾಗತೈತಿ ಅಷ್ಟ, ಮಾಲಕ ಸಂಜಿಗೆ ಎದ್ದು ಮನಿಗೆ ಹೋಗಬಹುದು, ಈತ ಶಿಲುಬೆ ತನಕ ಕುಣಿಯಿಂದ ಏಳಲಿಲ್ಲ.

ತುಂಬಿದ ತೆನಿ ಬಾಗತೈತಿ ಅನ್ನೋ ಗಾದಿ ಇಲ್ಲಿ ಯಾರಾದ್ರೂ ಹೇಳೇ ಹೇಳತಾರ. ಚೊಲೋ ಗಾದಿನ, ನಮ್ಮ ಜ್ವಾಳದ ಹೊಲದಾಗ ಕಣ್ಣಾರೆ ನೋಡಿದ್ದು, ಆದ್ರ ಈ ವಚನಕ್ಕ ಅದು ಹೊಂದೂದಿಲ್ಲ. ತೆನಿ ಬಾಗೂದು ಕಾಳು ತನ್ನಾಗ ತುಂಬಿಕೊಂಡು, ಕ್ರಿಸ್ತ ಬಾಗಿದ್ದು ಇದ್ದದ್ದನ್ನ ಸುರುವಿಕೊಂಡು. ಅಷ್ಟು ಹೇಳಿ ಪ್ರಾರ್ಥನಾ ಮಾಡಿ ಮೊದಲ್ನೇ ಸಂಜಿ ಮುಗಸ್ರಿ.

ಎರಡನೇ ಸಂಜಿ ಶುರುವಿನ್ಯಾಗ ಒಂದು ಪಟ್ಟಿ ಮಾಡ್ರಿ, ಯೇಸುಸ್ವಾಮಿ ಏನೇನು ಕಡ ತಗೊಂಡ ಅಂತ. ಹುಡುಗರು ಇದನ್ನ ಬಾಳ ಖುಷಿಲೆ ಹುಡಕತಾರ. ಹುಟ್ಟಿದಾಗ ದನದ ಗ್ವಾದಲಿ, ಬೋಧನಾ ಮಾಡಾಕ ಸೀಮೋನನ ದೋಣಿ, ಯೆರೂಸಲೇಮಿಗೆ ಬರಾಕ ಯಾರದೋ ಕತ್ತಿಮರಿ, ಕಡೀ ಊಟಕ್ಕ ಯಾರದೋ ಮಾಳಿಗಿ ಖೋಲಿ, ಮಣ್ಣು ಮಾಡಾಕ ಅರಿಮಥಾಯದ ಯೋಸೇಫ ತನಗಂತ ಕೊರಿಸಿದ ಸಮಾಧಿ. ಹೋದ ವರ್ಷ ಒಬ್ಬ ಹುಡುಗ ವಿಜಾಪುರ ಟ್ರಿಪ್ ಮುಗಿಸಿ ಬಂದಿದ್ದ, ಗೋಲಗುಂಬಜ ನೋಡಿ ಬಂದವ, 1656ರಾಗ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಅದು ಅಂತ ಹೇಳಿ, ಅಷ್ಟು ದೊಡ್ಡದು ಒಬ್ಬ ರಾಜಗ, ನಮ್ಮ ರಾಜಗ ಸ್ವಂತದ್ದು ಗೋರಿನೂ ಇಲ್ಲಲ್ಲ ಅಂದ. ಯಾರೂ ಏನೂ ಕೂಡಿಸಿ ಹೇಳಲಿಲ್ಲ, ಹೇಳೂದು ಬೇಕಾಗೂ ಇರಲಿಲ್ಲ.

ಇನ್ನ ಈ ಸಂಜಿಯ ಮುಖ್ಯ ಕೆಲಸಕ್ಕ ಬರ್ತೀನಿ, ದಯವಿಟ್ಟು ಇದನ್ನ ಹಾರಿಸಬ್ಯಾಡ್ರಿ. ತಗ್ಗೂದು ಬ್ಯಾರೆ, ತಗ್ಗಿಸಿಬಿಡೂದು ಬ್ಯಾರೆ. ನಾವು ಮುಳುಗಡಿ ಮಂದಿ, ಹಳೇ ಬಾಗಲಕೋಟಿಯೊಳಗ ಇದ್ದ ನಮ್ಮ ಮಾವನವರ ಮನಿ ಆಲಮಟ್ಟಿ ಹಿನ್ನೀರಾಗ ಹೋತು, ಹಿತ್ತಲದಾಗ ಇದ್ದ ಬೇವಿನ ಗಿಡ ಸುದ್ದಾ. ಒಂದ ಸಲ ಒಬ್ಬರು ಬೋಧಕರು ನಮ್ಮ ಅತ್ತಿಯವರಿಗೆ ಹೇಳಿದರು, ದೇವರು ನಿಮ್ಮನ್ನ ಬರಿದು ಮಾಡ್ಯಾನ, ಸ್ತೋತ್ರ ಹೇಳ್ರಿ ಅಂತ. ಅತ್ತಿಯವರು ಸುಮ್ನ ಇದ್ದರು, ರಾತ್ರಿ ನನ್ನ ಮುಂದ ಅತ್ತರು. ಕಸಗೊಂಡದ್ದು ಬರಿದು ಮಾಡಿಕೊಂಡದ್ದಲ್ಲ. ವಚನದಾಗ ತನ್ನನ್ನು ತಾನ ಅಂತ ಐತಿ. ತನ್ನದ ಆಗಿದ್ದನ್ನ, ಹಿಡಕೊಳ್ಳೂ ಹಕ್ಕು ಇದ್ದದ್ದನ್ನ, ತಾನಾಗಿ ಕೈಬಿಡೂದು ಅದು.

ಹಿಂಗಾಗಿ ಈ ಭಾಗ ಯಾರಿಗೆ ಹೇಳಬೇಕು ಅನ್ನೂದು ನೋಡಿ ಹೇಳ್ರಿ. ನಮ್ಮ ಸಭೆಗಳೊಳಗ ಬಾಳ ಮಂದಿ ಅಜ್ಜ ಮುತ್ಯಾನ ಕಾಲದಿಂದ ಊರ ಹೊರಗಿನ ಕೇರಿಯೊಳಗ ಇದ್ದು ಬಂದವರು, ಚಹಾದಂಗಡ್ಯಾಗ ಬ್ಯಾರೆ ಕಪ್ಪು ಇಡಿಸಿಕೊಂಡವರು, ಗೌಡರ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ಹೋದವರು. ಅವರನ್ನ ನಿಂದರಿಸಿ ಇನ್ನೂ ತಗ್ಗರಿ ಅನ್ನೂದು ಕ್ರಿಸ್ತನ ಮನಸ್ಸಲ್ಲ. ದಿನಾ ಬೈಸಿಕೊಳ್ಳೂ ಸೊಸಿಗೆ, ಹೊಡಸಿಕೊಳ್ಳೂ ಹೆಂಡತಿಗೆ ಈ ವಚನ ತೋರಿಸಿ ಸುಮ್ನ ಕುಂಡರಿಸಬ್ಯಾಡ್ರಿ, ಆಕಿಗೆ ಮರಿಯಮ್ಮನ ಹಾಡು ಓದ್ರಿ, ಲೂಕ ಒಂದನೇ ಅಧ್ಯಾಯ, ಬಲಿಷ್ಠರನ್ನ ಸಿಂಹಾಸನದಿಂದ ಇಳಿಸಿ ದೀನರನ್ನ ಏರಿಸಿದ ದೇವರು ಅಂತ ಹಾಡತಾಳಲ್ಲ ಅದು. ಎರಡೂ ಭಾಗ ಒಂದ ದೇವರ ಮಾತು, ಕುರ್ಚಿ ಮ್ಯಾಲ ಕುಂತವರಿಗೆ ಫಿಲಿಪ್ಪಿ, ನೆಲಕ್ಕ ಕುಂತವರಿಗೆ ಲೂಕ. ನಮ್ಮ ಸೀಮಿಯವರಿಗೆ ಇದು ತಿಳೀಲಾರದ್ದೇನಲ್ಲ, ಬಾಗೇವಾಡಿಯ ಬಸವಣ್ಣನವರು ಬಿಜ್ಜಳನ ಆಸ್ಥಾನದಾಗ ಮಂತ್ರಿ ಆಗಿ ಇದ್ದುಕೊಂಡ ತಮಗಿಂತ ಸಣ್ಣವರು ಯಾರೂ ಇಲ್ಲ ಅಂದವರು, ಆ ಮಾತಿಗೆ ತೂಕ ಬಂದದ್ದು ಮಂತ್ರಿ ಬಾಯಿಂದ ಬಂದದ್ದಕ್ಕ.

ಆಮ್ಯಾಲ ಎಲ್ಲಾರಿಗೂ ಒಂದೊಂದು ಚೀಟಿ ಕೊಡ್ರಿ. ಖರೇನ ನನ್ನದ ಆಗಿದ್ದು, ನಾ ಗಟ್ಟಿಯಾಗಿ ಹಿಡಕೊಂಡದ್ದು ಒಂದು, ಅದನ್ನ ಬರೀಬೇಕು. ಇಲ್ಲದ್ದನ್ನ ಬಿಡತೀನಿ ಅಂತ ಬರದ್ರ ಲೆಕ್ಕಕ್ಕಿಲ್ಲ. ಚರ್ಚಿನ್ಯಾಗ ಮುಂದಿನ ಸಾಲಿನ ಜಾಗಾ ಇರಬಹುದು, ಫ್ಯಾನಿನ ಮ್ಯಾಲ ಬರಸಿದ ದಾನಿಯ ಹೆಸರು ಇರಬಹುದು, ಮನ್ಯಾಗ ಕಡೀ ಮಾತು ನಂದ ಆಗಬೇಕು ಅನ್ನೂದು, ಮದುವಿಯೊಳಗ ಆಹೇರ ಮೊದಲ ನಮಗ ಬರಬೇಕು ಅನ್ನೂದು. ಮದುವಿ ಮಾತು ಬಂದ್ರ ಲೂಕ 14 ಓದ್ರಿ, ಔತಣದಾಗ ಮ್ಯಾಲಿನ ಜಾಗಾ ಹುಡುಕಬ್ಯಾಡ ಅಂತ ಯೇಸುಸ್ವಾಮಿ ಹೇಳಿದ್ದು, ಆದ್ರ ಹಿಂದ ಕುಂತ್ರ ಮುಂದ ಕರೀತಾರ ಅನ್ನೋ ಆಸೆಲೆ ಹಿಂದ ಕುಂಡ್ರೂದು ಬ್ಯಾಡ ಅಂತ ಎರಡು ಪುಟದ ಪಾಠ ಮತ್ತ ನೆನಪು ಮಾಡ್ರಿ. ಚೀಟಿ ಯಾರೂ ಗಟ್ಟಿಯಾಗಿ ಓದೂದಿಲ್ಲ, ಮಡಚಿ ತಮ್ಮ ತಮ್ಮ ಸತ್ಯವೇದದಾಗ ಇಟ್ಟುಕೊಳ್ಳೂದು.

ಮೂರನೇ ಸಂಜಿ, ಕಾಲು ತೊಳಿಯೂದು. ಯೋಹಾನ 13, ಒಂದರಿಂದ ಹದಿನೇಳು ವಚನ ಓದ್ರಿ, ಯೇಸುಸ್ವಾಮಿ ಕಡೀ ಊಟದ ಹೊತ್ತಿನ್ಯಾಗ ತನ್ನ ಶಿಷ್ಯರ ಕಾಲು ತೊಳದ ಭಾಗ ಅದು. ಬೆಳಗಾವಿ ಕಡೆ ಕಥೋಲಿಕ ಬಂಧುಗಳು ಇದನ್ನ ಪವಿತ್ರ ಗುರುವಾರ ಸಂಜಿ ಪೂಜಿಯೊಳಗ ಮಾಡತಾರ, ಮೊದಲ ಗಂಡಸರ ಕಾಲು ಅಷ್ಟ ತೊಳೀತಿದ್ದರು, 2016ರಾಗ ಪೋಪ್ ಫ್ರಾನ್ಸಿಸ್ ರು ಹೆಣಮಕ್ಕಳೂ ಇರಬಹುದು ಅಂತ ವಿಧಿ ಬದಲ ಮಾಡಿದರು, ಅದಕ್ಕಿಂತ ಮೊದಲ 2013ರಾಗನ ಅವರು ರೋಮಿನ ಒಂದು ಬಾಲಾಪರಾಧಿಗಳ ಜೇಲಿಗೆ ಹೋಗಿ ಅಲ್ಲಿ ಹುಡುಗ ಹುಡುಗ್ಯಾರ ಕಾಲು ತೊಳದು ಬಂದಿದ್ದರು.

ನಮ್ಮಲ್ಲಿ ಕಾಲು ತೊಳಿಯೂದು ಹೊಸಾದಲ್ಲ, ತೊಡಕು ಇರೂದ ಅಲ್ಲಿ. ಮನಿಗೆ ಬಂದವರಿಗೆ ಕಾಲಿಗೆ ನೀರು ಕೊಡತೀವಿ, ಮದುವಿಯೊಳಗ ಹೆಣ್ಣಿನವರು ಅಳಿಯನ ಕಾಲು ತೊಳೀತಾರ, ಸ್ವಾಮಿಗಳು ಬಂದ್ರ ಪಾದಪೂಜಿ. ಎಲ್ಲಾದರಾಗೂ ನೀರು ಕೆಳಗಿಂದ ಮ್ಯಾಲಕ ಹೋಗತೈತಿ, ಸಣ್ಣವರು ದೊಡ್ಡವರ ಕಾಲು ತೊಳಿಯೂದು. ಕೂಟದಾಗ ಯಾರಿಗೂ ಏನೂ ಹೇಳದ ಬಿಟ್ಟರ ಸೊಸಿ ಎದ್ದು ಅತ್ತಿ ಕಾಲು ತೊಳೀತಾಳ, ಹುಡುಗರು ಅಜ್ಜನ ಕಾಲು ತೊಳೀತಾರ, ನೋಡಾಕ ಚೆಂದ ಇರತೈತಿ, ಆದ್ರ ಅದು ದಿನಾ ಇದ್ದದ್ದ. ಯೇಸುಸ್ವಾಮಿ ತಿರುವಿಹಾಕಿದ್ದು ಇದನ್ನ. ಅದಕ್ಕ ಜೋಡಿ ನೀವ ಮೊದಲ ಬರದಿಟ್ಟುಕೊಳ್ರಿ, ಅತ್ತಿ ಸೊಸಿ ಕಾಲು ತೊಳೀಬೇಕು, ಮನಿ ಹಿರಿಯ ಎಲ್ಲಾರಕಿಂತ ಸಣ್ಣ ಹುಡುಗನ ಕಾಲು, ಹೊಲದ ಮಾಲಕ ಆಳಿನ ಕಾಲು, ಸಭೆ ಹಿರಿಯರು ಚರ್ಚ್ ಕಸಾ ಹೊಡಿಯೂ ಅಕ್ಕನ ಮನಿ ಹುಡುಗನ ಕಾಲು. ಹೆಣಮಕ್ಕಳದ್ದು ಹೆಣಮಕ್ಕಳು, ಗಂಡಸರದ್ದು ಗಂಡಸರು ಅಂತ ಇಟ್ಟರ ಯಾರಿಗೂ ಮುಜುಗರ ಆಗೂದಿಲ್ಲ.

ಸೊಸಿ ಒಲ್ಲೆ ಅಂತಾಳ. ಅತ್ತಿ ಕಡೆಯಿಂದ ಕಾಲು ತೊಳಸಿಕೊಂಡ್ರ ಪಾಪ ಹತ್ತತೈತಿ ಅಂತ ಕಾಲು ಹಿಂದ ಎಳಕೋತಾಳ. ಜಬರದಸ್ತಿ ಮಾಡಬ್ಯಾಡ್ರಿ, ಎಂಟನೇ ವಚನ ಇನ್ನೊಮ್ಮೆ ಓದ್ರಿ, ಪೇತ್ರನೂ ಹಿಂಗ ಅಂದ, ನನ್ನ ಕಾಲನ್ನ ನೀ ಎಂದೂ ತೊಳೀಕೂಡದು ಅಂದ, ಅದಕ್ಕ ಯೇಸುಸ್ವಾಮಿ ನಾ ತೊಳೀದಿದ್ದರ ನನ್ನೊಳಗ ನಿನಗ ಪಾಲಿಲ್ಲ ಅಂದ. ತೊಳಸಿಕೊಳ್ಳೂದೂ ತಗ್ಗೂದ. ನನ್ನ ಅನುಭವದಾಗ ತೊಳಿಯೂದು ಸಸಾರ, ತೊಳಸಿಕೊಳ್ಳೂದ ಬಿರಿ.

ಟವೆಲ್ ಬಗ್ಗೆ ಒಂದು ಮಾತು. ನಾಕನೇ ವಚನದಾಗ ಸ್ವಾಮಿ ಮ್ಯಾಲಿನ ಅರಿವಿ ತಗದಿಟ್ಟು ಟವೆಲ್ ನಡಕ್ಕ ಕಟ್ಟಿಕೊಂಡ ಅಂತ ಐತಿ. ನಮ್ಮ ಕಡೆ ಟವೆಲ್ ಹೆಗಲ ಮ್ಯಾಲ ಇದ್ದರ ಮರ್ಯಾದಿ, ಮದುವಿಯೊಳಗ ಟವೆಲ್ ಟೊಪಗಿ ಕೊಟ್ಟು ಮಾನ ಮಾಡೂದು ಅದಕ್ಕ. ದೊಡ್ಡವರ ಮುಂದ ಕೇರಿಯ ಮಂದಿ ಆ ಹೆಗಲ ಟವೆಲ್ ತಗದು ನಡಕ್ಕ ಸುತ್ತಿಕೊಳ್ಳಬೇಕಾಗಿತ್ತು, ಅದನ್ನ ನೋಡಿದ ಹಿರಿಯರು ಇನ್ನೂ ಅದಾರ. ಅವರು ಇದ್ದ ಕೂಟದಾಗ ಈ ವಚನ ಓದಿದಾಗ ಒಬ್ಬರು ಅಜ್ಜ ಕಣ್ಣು ಒರಸಿಕೊಂಡರು, ನಮ್ಮ ಸ್ವಾಮಿನೂ ನಡಕ್ಕ ಕಟ್ಟಿದ್ದನಲ್ಲೋ ಅಂದರು. ತೊಳಿಯೋರು ಎಲ್ಲಾರೂ ಟವೆಲ್ ನಡಕ್ಕ ಕಟ್ಟಿಕೊಳ್ಳಲಿ, ಹೆಗಲ ಮ್ಯಾಲ ಬ್ಯಾಡ.

ತೊಳಿಯೂದು ಹೆಂಗ ಅಂದ್ರ, ತೊಳಸಿಕೊಳ್ಳೋರನ್ನ ಕುರ್ಚಿ ಮ್ಯಾಲ ಕುಂಡರಿಸ್ರಿ, ತೊಳಿಯೋರು ಕೆಳಗ ಮಣಿ ಹಾಕಿಕೊಂಡು ಕುಂಡ್ರಲಿ, ಮೊಣಕಾಲು ನೋವು ಇದ್ದವರಿಗೆ ಸಣ್ಣ ಸ್ಟೂಲ್. ಕಾಲ ಕೆಳಗ ಪರಾತ ಇಟ್ಟು ತಂಬಿಗಿಲೆ ಸಾವಕಾಶ ನೀರು ಹಾಕಿ ಕೈಲೆ ತೊಳೀರಿ, ಒಬ್ಬೊಬ್ಬರಿಗೂ ಹೊಸಾ ನೀರು. ತಣ್ಣೀರ ಸಾಕು, ಬಿಸಿನೀರು ಬ್ಯಾಡ, ಯಾಕಂದ್ರ ಶುಗರ್ ಇದ್ದವರಿಗೆ ಕಾಲಿಗೆ ಬಿಸಿ ತಿಳಿಯೂದಿಲ್ಲ, ಸುಟ್ಟರೂ ಗೊತ್ತಾಗೂದಿಲ್ಲ. ಅವರ ಕಾಲು ಉಜ್ಜಬ್ಯಾಡ್ರಿ, ಬೆರಳ ಸಂದಿ ಸುದ್ದಾ ಟವೆಲಿಲೆ ಮೆತ್ತಗ ಒತ್ತಿ ಪೂರ್ತಿ ಒಣಗಿಸ್ರಿ, ಹಸಿ ಉಳದ್ರ ಹುಣ್ಣಾಗತೈತಿ. ಗಾಯ ಇದ್ದವರಿಗೆ ನೀರು ಹಾಕೂದ ಬ್ಯಾಡ, ಕಾಲ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದ್ರ ಆತು. ಎರಿ ಹೊಲದಾಗ ಕೆಲಸ ಮಾಡಿ ಬಂದವರ ಹಿಮ್ಮಡಿ ಸೀಳಿರತಾವ, ಅವರು ನಾಚಿಕೋತಾರ, ಮನ್ಯಾಗ ತೊಳಕೊಂಡು ಬರ್ತೀನಿ ಅಂತಾರ, ಹಂಗ ಬರ್ರಿ ಅಂತ ಮೊದಲ ಹೇಳ್ರಿ. ಫೋನ್ ಎಲ್ಲಾ ಒಂದು ಬುಟ್ಟಿಯೊಳಗ ಹಾಕಿ ಒಳಗ ಇಡ್ರಿ. ಫೋಟೋ ಒಂದೂ ಬ್ಯಾಡ, ಸ್ಟೇಟಸ್ಸಿಗೆ ಹಾಕಿದ ಗಳಿಗಿಗೆ ಅದು ಬಲಗಡೆ ಪುಟದ ಕೆಲಸ ನಾವ ಮಾಡಿಕೊಂಡಂಗ.

ನನ್ನ ಮಾತು ಒಂದು ಹೇಳಬೇಕು. ನಾನೂ ನಮ್ಮ ನೆಗೆಣ್ಣಿಯೂ ಮೂರು ವರ್ಷ ಮಾತಾಡಿರಲಿಲ್ಲ, ಮುಳುಗಡಿ ಮನಿಯ ಪರಿಹಾರದ ರೊಕ್ಕ ಹಂಚೂಮುಂದ ಎದ್ದ ಮಾತು, ನಂದೂ ತಪ್ಪಿತ್ತು. ಆ ವರ್ಷ ಕೂಟದ ಜೋಡಿ ಬರದಾಕಿ ನಾನ, ಮನಸಿನ್ಯಾಗ ನಾ ಅವರ ಕಾಲು ತೊಳೀಬೇಕು ಅಂತ ಗಟ್ಟಿ ಮಾಡಿಕೊಂಡಿದ್ನಿ, ಎಷ್ಟೋ ರಾತ್ರಿ ಪ್ರಾರ್ಥನಾ ಮಾಡಿದ್ನಿ. ನನ್ನ ಸರದಿ ಬರೂದರಾಗ ಅವರ ಎದ್ದು ಬಂದು ತಂಬಿಗಿ ತಗೊಂಡು ನನ್ನ ಮುಂದ ಕುಂತುಬಿಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರು. ಬ್ಯಾಡ ಅಕ್ಕಾ ಅಂತ ಕಾಲು ಎಳಕೊಂಡ್ನಿ, ಸುಮ್ನ ಕುಂಡ್ರ ನೀ ಅಂದರು, ಅಷ್ಟ. ನಾ ತೊಳೀಬೇಕು ಅಂದಿದ್ದರಾಗ ಮೊದಲ ಬಗ್ಗಿದಾಕಿ ನಾನ ಆಗಬೇಕು ಅನ್ನೂದು ಅಡಗಿತ್ತು, ಅದು ನನಗ ಆ ನೀರು ಕಾಲಿಗೆ ಬಿದ್ದಾಗ ತಿಳೀತು. ರೊಕ್ಕದ ವ್ಯವಹಾರ ಅದ ದಿನಾ ಮುಗೀಲಿಲ್ಲ, ಅದಕ್ಕ ಮುಂದ ಇನ್ನೂ ಎಂಟು ತಿಂಗಳ ಹಿಡೀತು, ಆದ್ರ ಫೋನ್ ಮಾಡಿ ಮಾತಾಡಿ ಮುಗಿಸಿದ್ವಿ. ನಾಕನೇ ಅಧ್ಯಾಯದ ಆ ಇಬ್ಬರು ಹೆಣಮಕ್ಕಳ ಹೆಸರು ಓದುವಾಗ ಈಗೂ ನಾವು ಒಬ್ಬರನ್ನೊಬ್ಬರು ನೋಡ್ತೀವಿ. ಜೋಡಿ ಬರದಿಡ್ರಿ ಅಂತ ಮ್ಯಾಲ ಹೇಳೀನಿ, ಆದ್ರ ಯಾರಾದ್ರೂ ತಾವಾಗಿ ಎದ್ದು ಬಂದ್ರ ನಿಮ್ಮ ಪಟ್ಟಿ ಬಾಜೂಕ ಇಡ್ರಿ.

ಎಲ್ಲಾರದ್ದೂ ಆದ ಮ್ಯಾಲ ಪರಾತದ ನೀರು ಗಿಡದ ಬುಡಕ್ಕ ಹಾಕ್ರಿ. ಹಾಡಿಲ್ಲದ, ಮಾತಿಲ್ಲದ ಮನಿಗೆ ಹೋಗೂದು. ಗುರುವಾರ, ಶುಕ್ರವಾರ ಚರ್ಚಿನ್ಯಾಗ ಕೂಡೇ ಕೂಡತೀರಿ, ಶುಕ್ರವಾರ ಶಿಲುಬೆಯ ಧ್ಯಾನ ಕೇಳುವಾಗ ಒಂದು ಮಾತು ನೆನಪಿರಲಿ, ರೋಮಿನವರು ಶಿಲುಬೆಗೆ ಏರಿಸತಿದ್ದದ್ದು ಮುಖ್ಯವಾಗಿ ದಾಸರನ್ನ, ದಂಗೆ ಎದ್ದವರನ್ನ, ತಮ್ಮ ಪೌರರನ್ನ ಸಾಮಾನ್ಯವಾಗಿ ಅಲ್ಲ. ಪೌರತ್ವದ ಹೆಮ್ಮಿ ಇದ್ದ ಫಿಲಿಪ್ಪಿಯವರಿಗೆ ಶಿಲುಬೆಯ ಮರಣ ಅನ್ನೋ ಮಾತು ಕಿವಿಗೆ ಹೆಂಗ ಬಿದ್ದಿರಬೇಕು.

ಈಸ್ಟರ್ ಮುಂಜಾನೆ, ಚರ್ಚಿಗೆ ಹೋಗೂದಕಿಂತ ಮೊದಲ ಆದ್ರೂ ಸರಿ, ಬಂದ ಮ್ಯಾಲ ಆದ್ರೂ ಸರಿ, ಅದ ಅಂಗಳದಾಗ ಕೂಡ್ರಿ. ಈಗ 9ರಿಂದ 11. ಇಲ್ಲಿ ಏರಿಸಿದ ಅನ್ನೂದಕ್ಕ ಪೌಲ ಬಳಸಿದ ಗ್ರೀಕ ಶಬ್ದ ಬರೇ ಏರಿಸಿದ ಅಂತಲ್ಲ, ಎಲ್ಲಾದಕ್ಕಿಂತ ಮ್ಯಾಲಕ ಏರಿಸಿದ ಅಂತ. ಜೋಡಿಗೆ ಯೆಶಾಯ 45:23 ತೆಗೀರಿ, ಎಲ್ಲಾ ಮೊಣಕಾಲು ನನ್ನ ಮುಂದ ಬಗ್ಗತಾವ ಅಂತ ಯೆಹೋವನು ತನ್ನ ಬಗ್ಗೆ ಹೇಳಿದ ಮಾತು, ನನ್ನ ಬಿಟ್ಟರ ದೇವರಿಲ್ಲ ಅಂತ ಹೇಳಿದ ಅಧ್ಯಾಯದಾಗಿನ ಮಾತು, ಅದನ್ನ ಪೌಲ ಯೇಸುವಿಗೆ ಹೇಳ್ಯಾನ. ಬೊಗ್ಗಿ ಕಾಲು ತೊಳದವನ ಮುಂದ ಎಲ್ಲಾ ಮೊಣಕಾಲು ಬಗ್ಗತಾವ. ಯೋಹಾನನ ಸುವಾರ್ತಿಯೊಳಗ ಇನ್ನೂ ಆಳ ಐತಿ, ನಾ ಭೂಮಿಯಿಂದ ಎತ್ತಲ್ಪಟ್ಟಾಗ ಅಂತ ಸ್ವಾಮಿ 12ನೇ ಅಧ್ಯಾಯದಾಗ ಹೇಳತಾನ, ಅಲ್ಲೆ ಎತ್ತೂದು ಅಂದ್ರ ಶಿಲುಬೆಗೂ ಹೌದು, ಮಹಿಮೆಗೂ ಹೌದು, ಒಂದ ಶಬ್ದ. ಎದ್ದು ಬಂದ ಮ್ಯಾಲೂ ಕೈಯಾಗ ಮೊಳಿ ಗಾಯ ಹಂಗ ಇದ್ದವು, ಶಿಷ್ಯ ತೋಮನಿಗೆ ತೋರಿಸಿದ. ಪ್ರಕಟನೆ 5ರಾಗ ಸಿಂಹಾಸನದ ಹತ್ತರ ನಿಂತದ್ದು ಕೊಯ್ದಂಗ ಕಾಣೋ ಕುರಿಮರಿ, ಆ ಕುರಿಮರಿ ಅಂದ್ರ ಯೇಸುಸ್ವಾಮಿನ. ಅಂದ್ರ ತಂದಿ ಆತನ್ನ ಏರಿಸಿದಾಗ ತಗ್ಗಿದ್ದನ್ನ ಅಳಿಸಿ ಏರಿಸಲಿಲ್ಲ, ಅದನ್ನೂ ಕೂಡಿಸಿಕೊಂಡ ಏರಿಸಿದ. ಇದನ್ನ ಹೆಚ್ಚಿಗೆ ವಿವರಿಸಾಕ ಹೋಗಬ್ಯಾಡ್ರಿ, ಓದಿ ಒಂದೆರಡು ನಿಮಿಷ ಸುಮ್ನ ಕುಂಡ್ರಿ.

ಆಮ್ಯಾಲ ಯೋಹಾನ 21. ಸಾವು ಗೆದ್ದು ಬಂದವ ಸರೋವರದ ದಂಡಿಗೆ ಕೆಂಡಾ ಮಾಡಿ ಮೀನು ಸುಟ್ಟು ರೊಟ್ಟಿ ಇಟ್ಟುಕೊಂಡು, ರಾತ್ರಿಯೆಲ್ಲಾ ಬಲಿ ಹಾಕಿ ದಣದು ಬಂದ ಶಿಷ್ಯರಿಗೆ ಬರ್ರಿ ಊಟಾ ಮಾಡ್ರಿ ಅಂದ. ಅದಕ್ಕ ನಮ್ಮ ಮನ್ಯಾಗ ಆ ಮುಂಜಾನೆ ಅಡಗಿ ಹೆಣಮಕ್ಕಳು ಮಾಡೂದಿಲ್ಲ. ಮನಿಯ ಹಿರಿಯ ಗಂಡಸರು ಮಾಡಬೇಕು, ಉಪ್ಪಿಟ್ಟು ಆಗಲಿ, ಸುಸಲಾ ಆಗಲಿ, ಬರತೈತೋ ಬರೂದಿಲ್ಲೋ ಕಲಕೊಂಡು ಮಾಡಬೇಕು, ಹಿಂದಿನ ದಿನಾ ರವಾ ಹುರದಿಟ್ಟರ ಹಗರ ಆಗತೈತಿ. ನೀಡೂದೂ ಅವರ, ಮೊದಲ ಹುಡುಗರಿಗೆ, ಆಮ್ಯಾಲ ಸೊಸೆಂದ್ರಿಗೆ, ಕಡೀಕ ತಾವು. ನಮ್ಮ ಮಾವನವರಿಗೆ ಈಗ ಎಂಬತ್ತರ ಮ್ಯಾಲ ಆಗೈತಿ, ಕೈ ನಡಗತಾವ, ಆದ್ರೂ ಸೌಟು ಯಾರಿಗೂ ಕೊಡೂದಿಲ್ಲ, ಒಂದೊಂದ ತಾಟಿಗೂ ಬಗ್ಗಿ ನೀಡತಾರ, ಮೊಮ್ಮಗಳು ಅಜ್ಜಾ ನೀವು ಕುಂಡ್ರರಿ ಅಂದ್ರ, ತಡಿಯವ್ವ, ಇನ್ನೂ ನಿಮ್ಮವ್ವಗ ನೀಡಿಲ್ಲ ಅಂತಾರ.